ಚೆನ್ನಾಗಿದೆ, ಆದರೆ

ನನ್ನ ಸೋದರಮಾವಂದಿರಲ್ಲಿ ಒಬ್ಬರು ಮೈಸೂರಿನ ಅಚ್ಚುಕೂಟವೊಂದರಲ್ಲಿ ಕರಡು ತಿದ್ದುತ್ತ ಮೂವತ್ತು ವರ್ಷಗಳನ್ನು ಕಳೆದವರು. ಮನೆಗೆ ಮದುವೆಯ ಕರೆಯೋಲೆ ಬಂದರೆ, ಮದುವೆ ಯಾರದು, ಯಾವ ಊರಿನಲ್ಲಿ ಎಂದು ನೋಡುವುದಕ್ಕೆ ಮೊದಲೇ ಅವರ ಕೈ ಕಿವಿಯ ಮೇಲಣ ಸೀಸದ ಕಡ್ಡಿಯನ್ನು ತಡವುತ್ತಿತ್ತು. 'ಆಶೀರ್ವದಿಸಬೇಕಾಗಿ' ಎಂಬಲ್ಲಿ ಅರ್ಕಾವೊತ್ತು ಜಾರಿಹೋಗಿದ್ದರೆ ಆ ದಂಪತಿಗಳ ಮುಂದಿನ ಬಾಳಿನ ವಿಷಯದಲ್ಲಿಯೇ ಅವರಿಗೆ ಶಂಕೆ ಹುಟ್ಟುತ್ತಿತ್ತು. ಕಾದಂಬರಿಗಳನ್ನೂ ಓದುತ್ತಿದ್ದರು, ಕಥೆ ಹೇಗಿದೆ ಮಾವ ಎಂದು ಕೇಳಿದರೆ, ನೂರ ಹನ್ನೆರಡನೆಯ ಪುಟದಲ್ಲಿ ಒಂದು ಪಂಕ್ತಿ ಎರಡು ಸಲ ಅಚ್ಚಾಗಿದೆ ಎನ್ನುತ್ತಿದ್ದರು. ಹುಡುಗರಾಗಿದ್ದ ನಾವು ಇದನ್ನು ಮನಸಾರ ಹಾಸ್ಯಮಾಡಿದೆವು. ದೈವವು ಆ ಹಾಸ್ಯವನ್ನು ಲೆಕ್ಕದಲ್ಲಿ ಬರೆದಿಟ್ಟುಕೊಂಡಿತ್ತೆಂದು ತೋರುತ್ತದೆ. ನನಗೆ ನಲವತ್ತು ತುಂಬುವ ಹೊತ್ತಿಗೆ ಅದೇ ವ್ಯಾಧಿಯನ್ನು ಬೇರೊಂದು ರೂಪದಲ್ಲಿ ನನಗೂ ಅಂಟಿಸಿತು.

ನನ್ನ ವೃತ್ತಿ ಗಾಲ್ಫ್ ಆಟವನ್ನು ಕಲಿಸುವುದು. ಹೀಗೆಂದೊಡನೆ ನಮ್ಮ ಬಂಧುಗಳಲ್ಲಿ ಹಿರಿಯರಾದವರು, "ಆಟ ಸರಿಯಪ್ಪ, ಕೆಲಸಕ್ಕೆ ಏನು ಮಾಡಿಕೊಂಡಿದ್ದೀಯೆ?" ಎಂದು ಕೇಳುವುದುಂಟು. ಕೆಲಸವೆಂದರೆ ಒಂದು ಅರೆವಾಕ್ಯವನ್ನು ದಿನಕ್ಕೆ ನೂರು ಸಲ ಉಚ್ಚರಿಸುವುದು: 'ಚೆನ್ನಾಗಿದೆ, ಆದರೆ'. ಶಿಷ್ಯನು ಕೋಲನ್ನು ಬೀಸುತ್ತಾನೆ, ಚೆಂಡು ಎಲ್ಲಿಗೋ ಹೋಗುತ್ತದೆ, ಅವನು ಮುಖವನ್ನು ನನ್ನ ಕಡೆ ತಿರುಗಿಸುತ್ತಾನೆ. 'ಚೆನ್ನಾಗಿದೆ' ಎಂಬುದು ಲೋಕಮರ್ಯಾದೆ. 'ಆದರೆ' ಎಂಬುದಕ್ಕೆ ಅವನು ಹಣ ಕೊಟ್ಟಿರುತ್ತಾನೆ. ಮೊಣಕೈ ಮಡಿಯಿತು, ತಲೆ ಎದ್ದಿತು, ಸೊಂಟ ಕೋಲಿಗಿಂತ ಹಿಂದೆ ಉಳಿಯಿತು, ಚೆಂಡನ್ನು ಹೊಡೆಯುವ ಮೊದಲೇ ಅದು ಹೋದ ದಿಕ್ಕನ್ನು ಕಣ್ಣು ಹುಡುಕಿತು. ಮನುಷ್ಯಶರೀರವು ಒಂದೂವರೆ ಸೆಕೆಂಡಿನಲ್ಲಿ ಎಷ್ಟು ಬಗೆಯ ಪ್ರಮಾದಗಳನ್ನು ಮಾಡಬಲ್ಲದೆಂಬುದನ್ನು ವೈದ್ಯರಿಗಿಂತಲೂ ನಾವು ಹೆಚ್ಚಾಗಿ ಬಲ್ಲೆವು. ಈ ಜ್ಞಾನದಿಂದ ಸಂಸಾರ ಸಾಗುತ್ತದೆ. ಅದರಿಂದ ಆಗುವ ನಷ್ಟ ಬೇರೆ ಖಾತೆಯದು.

ಈ ಆಟ ನನಗೆ ಅಂಟಿಕೊಂಡದ್ದು ಚಾಮುಂಡಿಬೆಟ್ಟದ ತಪ್ಪಲಿನಲ್ಲಿ, ರೇಸ್ ಕೋರ್ಸಿನ ಬಳಿಯ ಮೈದಾನದ ಆಚೆಯ ಪೊದೆಗಳಲ್ಲಿ. ತಂದೆಯವರು ಶಾಲೆಯ ಉಪಾಧ್ಯಾಯರು. ಗಾಲ್ಫ್ ಆಡುವವರ ಜೊತೆ ನಮಗಿದ್ದ ಸಂಬಂಧವೆಂದರೆ ಅವರು ಕಳೆದುಕೊಂಡ ಚೆಂಡುಗಳನ್ನು ಲಂಟಾನದ ಮುಳ್ಳುಗಳಲ್ಲಿ ಹುಡುಕಿ ಅವರಿಗೇ ಮಾರುವ ವ್ಯಾಪಾರ. ನಮ್ಮ ಈ ವಾಣಿಜ್ಯದಿಂದ ಸಂತುಷ್ಟರಾದ ಒಬ್ಬ ವೃದ್ಧರು, ಹಿಡಿ ಸವೆದು ಎಸೆಯುವ ಸ್ಥಿತಿಗೆ ಬಂದಿದ್ದ ಐದನೆಯ ನಂಬರಿನ ಕೋಲೊಂದನ್ನು ನನಗೆ ಕೊಟ್ಟರು. ಅದು ನನಗಿಂತ ಗೇಣುದ್ದ ಮಾತ್ರ ಚಿಕ್ಕದು. ಎರಡು ತಿಂಗಳ ಕಾಲ ಅದರಿಂದ ಬೆಟ್ಟದ ಕಡೆಯ ಬಯಲನ್ನು ಅಗೆದೆನೆನ್ನಬೇಕು. ಚೆಂಡು ಉರುಳುತ್ತಿತ್ತು, ನೆಗೆಯುತ್ತಿತ್ತು, ಬಹುಪಾಲು ಇದ್ದಲ್ಲೇ ಇರುತ್ತಿತ್ತು. ಒಂದು ಸಂಜೆ, ಏನು ಮಾಡಿದೆನೆಂದು ನನಗೆ ಈಗಲೂ ತಿಳಿಯದು, ಕೈಗೆ ಏನೂ ತಗುಲಿದಂತಾಗಲಿಲ್ಲ. ಕೋಲು ಗಾಳಿಯಲ್ಲಿಯೇ ಹಾದುಹೋಯಿತೆಂದು ಭಾವಿಸಿ ಕೆಳಗೆ ನೋಡಿದರೆ ಚೆಂಡಿಲ್ಲ, ಮೇಲೆ ನೋಡಿದರೆ ಅದು ಬೆಟ್ಟದ ಕಪ್ಪನೆಯ ಮೈಯ ಮುಂದೆ ಬೆಳ್ಳಗೆ ಏರುತ್ತಲೇ ಇದೆ. ಚೆಂಡು ಕೋಲಿನ ಮುಖಕ್ಕೆ ಅಂಟಿಕೊಂಡಿರುವ ಅವಧಿ ಒಂದು ಸೆಕೆಂಡಿನ ಎರಡು ಸಾವಿರದಲ್ಲೊಂದು ಪಾಲು ಎಂದು ಮುಂದೆ ಪುಸ್ತಕಗಳಲ್ಲಿ ಓದಿದೆನು. ಆ ಒಂದು ಪಾಲಿಗಾಗಿ ಶಾಲೆ, ಕಾಲೇಜು, ತಂದೆಯವರ ನಿರೀಕ್ಷೆ ಎಲ್ಲವನ್ನೂ ಬದಿಗಿಟ್ಟವನು ನಾನು.

ಇಲ್ಲಿ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಬ್ರಿಟಿಷ್ ದ್ವೀಪಗಳ ಹೊರಗೆ ಮೊಟ್ಟಮೊದಲು ಗಾಲ್ಫ್ ಕ್ಲಬ್ಬು ಹುಟ್ಟಿದ್ದು ಕಲ್ಕತ್ತೆಯಲ್ಲಿ, 1829ರಲ್ಲಿ; ನಮ್ಮ ಬೆಂಗಳೂರಿನದು 1876ರದು. ಇಷ್ಟು ದೀರ್ಘವಾದ ವಂಶಾವಳಿಯಿದ್ದರೂ ಅದು ನಮ್ಮದಾಗಲಿಲ್ಲ. ಕ್ರಿಕೆಟ್ಟು ಗೋಡೆ ಹಾರಿ ಬೀದಿಗಿಳಿಯಿತು, ಮೂರು ಕಡ್ಡಿ ಸಿಕ್ಕಿದಲ್ಲಿ ಮನೆ ಮಾಡಿತು. ಗಾಲ್ಫ್ ಮಾತ್ರ ಕಾಂಪೌಂಡಿನೊಳಗೆ, ಮಾಲಿಗಳ ನೀರಿನಲ್ಲಿ, ಸದಸ್ಯತ್ವದ ನೆರಳಿನಲ್ಲಿ ಬೆಳೆಯಿತು. ಗೇಟಿನ ಹೊರಗಿನಿಂದ ಬಂದ ನನ್ನಂಥವನಿಗೆ ಒಳಗೆ ದೊರೆಯುವ ಸ್ಥಳ ಎರಡೇ: ಚೀಲ ಹೊರುವುದು, ಇಲ್ಲವೆ ಪಾಠ ಹೇಳುವುದು. ಆಡುವವನಾಗಿ ಇರುತ್ತೇನೆಂದು ನಾನು ಹಟ ಹಿಡಿದು ಕೆಲವು ವರ್ಷ ಪಂದ್ಯಗಳಿಗೆ ಹೋದದ್ದೂ ಉಂಟು. ಆ ಹಟವನ್ನು ಮುರಿದದ್ದು ಸಿರಿವಂತರ ತಾತ್ಸಾರವೆಂದು ಹೇಳಿಕೊಂಡರೆ ಕೇಳುವವರಿಗೆ ಹಿತವಾಗಬಹುದು; ಆದರೆ ಅದು ಸುಳ್ಳಾದೀತು. ಮುರಿದದ್ದು ನನ್ನದೇ ಬಲಗೈ.

ಕುಳಿಯ ಅಗಲ 108 ಮಿಲಿಮೀಟರು. ಮೂರಡಿಯ ದೂರದಿಂದ ಅದರೊಳಕ್ಕೆ ಚೆಂಡನ್ನು ತಳ್ಳುವುದು ಐದು ವರ್ಷದ ಮಗುವಿಗೂ ಸಾಧ್ಯ. ವಾಸ್ತವವಾಗಿ ಮಗುವಿಗೇ ಹೆಚ್ಚು ಸಾಧ್ಯ. ಒಂದು ಅರ್ಹತಾ ಪಂದ್ಯದ ಕೊನೆಯ ಗ್ರೀನಿನ ಮೇಲೆ, ಎಂದರೆ ಕುಳಿಯ ಸುತ್ತಲಿನ ನುಣುಪಾದ ಹುಲ್ಲಿನ ಮೇಲೆ, ಅಂಥ ಮೂರಡಿಯ ಮುಂದೆ ನಿಂತಾಗ, ನನ್ನ ಬಲಗೈಯ ಮಣಿಕಟ್ಟು ನನ್ನ ಅಪ್ಪಣೆಯಿಲ್ಲದೆ ಒಮ್ಮೆ ಕೊಡಹಿತು. ಚೆಂಡು ಕುಳಿಯನ್ನು ಸವರಿಕೊಂಡು ನಾಲ್ಕಡಿ ಆಚೆಗೆ ಹೋಯಿತು. ಅಲ್ಲಿಂದ ಹೊಡೆದರೆ ಮತ್ತೆ ಈಚೆಗೆ ಬಂದಿತು. ಈ ರೋಗಕ್ಕೆ 'ಯಿಪ್ಸ್' ಎಂಬ ಹೆಸರನ್ನು ಲೋಕಕ್ಕೆ ಪರಿಚಯಿಸಿದವನು ಟಾಮಿ ಆರ್ಮರ್ ಎಂಬ ಸ್ಕಾಟ್ಲೆಂಡಿನ ಆಟಗಾರ. 1931ರಲ್ಲಿ ಬ್ರಿಟಿಷ್ ಓಪನ್ ಗೆದ್ದ ಅಂಥವನನ್ನೂ ಅದು ಬಿಡಲಿಲ್ಲವೆಂಬುದು ನನಗೆ ಅಲ್ಪಸ್ವಲ್ಪ ಸಮಾಧಾನ ಕೊಟ್ಟಿತೇ ಹೊರತು ಕೈಯ ನಡುಕವನ್ನು ನಿಲ್ಲಿಸಲಿಲ್ಲ. ಆ ವರ್ಷವೇ ಪಂದ್ಯಗಳನ್ನು ಬಿಟ್ಟೆನು. ಬೆಂಗಳೂರಿನ ಅಭ್ಯಾಸಸ್ಥಳವೊಂದರಲ್ಲಿ ಶಿಕ್ಷಕನಾಗಿ ಸೇರಿದೆನು. ಅಲ್ಲಿ ಹುಲ್ಲಿಲ್ಲ, ಹಸುರು ಚಾಪೆ. ಕುಳಿಯಿಲ್ಲ, ದೂರದ ಅಂಕಿಗಳನ್ನು ಬರೆದ ಹಲಗೆಗಳು. ಬುಟ್ಟಿಗೆ ಐವತ್ತು ಚೆಂಡು. ಸಂಜೆಯಾದರೆ ಕಂಪ್ಯೂಟರಿನ ಮುಂದೆ ಬೆನ್ನು ಬಗ್ಗಿಸಿದ ಜನ ಬಂದು ಅದೇ ಬಗ್ಗಿದ ಬೆನ್ನಿನಿಂದ ಚೆಂಡನ್ನು ಹೊಡೆಯುವರು. ಎಲ್ಲ ಚೆಂಡುಗಳೂ ಬಾಳೆಹಣ್ಣಿನಂತೆ ಬಲಕ್ಕೆ ಬಾಗಿ ಬೀಳುವುವು. ನಾನು 'ಚೆನ್ನಾಗಿದೆ, ಆದರೆ' ಎನ್ನುವೆನು. ಹನ್ನೊಂದು ವರ್ಷ ಹೀಗೆ ನಡೆಯಿತು. ಅಷ್ಟರಲ್ಲಿ ನಾನು ನನಗಾಗಿ ಒಂದು ಚೆಂಡನ್ನೂ ಹೊಡೆಯಲಿಲ್ಲ. ತೋರಿಸಿಕೊಡುವುದಕ್ಕಾಗಿ ಹೊಡೆದದ್ದು ಸಾವಿರಾರು. ಅವು ಕರಿಹಲಗೆಯ ಮೇಲೆ ಬರೆದು ಒರಸಿದ ಅಕ್ಷರಗಳು, ಅವುಗಳನ್ನು ಪತ್ರ ಬರೆದ ಲೆಕ್ಕಕ್ಕೆ ಸೇರಿಸಲಾಗದು. "ತಾವು ಆಡುವುದಿಲ್ಲವೇ ಸಾರ್?" ಎಂದು ಯಾರಾದರೂ ಕೇಳಿದರೆ, ಪುರಸೊತ್ತಿಲ್ಲ ಎನ್ನುತ್ತಿದ್ದೆನು. ಭಾನುವಾರಗಳಲ್ಲಿ ಮಲಗಿ ನಿದ್ರಿಸುತ್ತಿದ್ದೆನು.

ಭೂತಾನಕ್ಕೆ ನಾನು ಹೋದದ್ದು ಸೇನೆಯಿಂದ ನಿವೃತ್ತರಾದ ಒಬ್ಬ ಶಿಷ್ಯರ ಮಾತಿನಿಂದ. ಅವರು ಅಲ್ಲಿನ ಸೈನಿಕ ತರಬೇತಿಯ ತಂಡದಲ್ಲಿ ಇದ್ದವರು; ಥಿಂಪುವಿನ ಶಾಲಾಮಕ್ಕಳಿಗೆ ಮೂರು ತಿಂಗಳು ಗಾಲ್ಫ್ ಕಲಿಸಿ ಬರುವವನು ಬೇಕೆಂದು ಯಾರೋ ಕೇಳಿದಾಗ ನನ್ನ ಹೆಸರನ್ನು ಹೇಳಿದರು. ಸಂಬಳ ಹೆಚ್ಚಿನದೇನಲ್ಲ. ಬೆಂಗಳೂರಿನ ಏಪ್ರಿಲ್ ಸೆಕೆಯಿಂದ ತಪ್ಪಿಸಿಕೊಳ್ಳಬಹುದೆಂಬ ಆಸೆಯಿಂದ ಒಪ್ಪಿದೆನು. ಮನೆಯವಳು ಎರಡು ಸ್ವೆಟರುಗಳನ್ನೂ ಒಂದು ಡಬ್ಬ ಹುಳಿಪುಡಿಯನ್ನೂ ಚೀಲಕ್ಕೆ ತುರುಕಿದಳು. ಹುಳಿಪುಡಿಯ ಅಗತ್ಯ ಬೀಳಲಿಲ್ಲ. ಮೆಣಸಿನಕಾಯಿಯನ್ನು ಒಗ್ಗರಣೆಗೆ ಹಾಕದೆ ತರಕಾರಿಯಂತೆಯೇ ಗಿಣ್ಣಿನಲ್ಲಿ ಬೇಯಿಸಿ ಅನ್ನದೊಡನೆ ಉಣ್ಣುವ ಆ ಜನರ ಎಮಾ ದಾತ್ಶಿಯ ಮುಂದೆ, ಖಾರದ ವಿಷಯದಲ್ಲಿ ನಮ್ಮ ಉತ್ತರ ಕರ್ನಾಟಕದವರೂ ತಲೆಬಾಗಿಸಬೇಕಾದೀತು.

ಥಿಂಪುವಿನ ಗಾಲ್ಫ್ ಮೈದಾನಕ್ಕೆ ಒಂಬತ್ತೇ ಕುಳಿಗಳು. ಹದಿನೆಂಟು ಬೇಕಾದವರು ಎರಡು ಸುತ್ತು ಬರಬೇಕು. ಭಾರತೀಯ ಸೇನೆಯ ಬ್ರಿಗೇಡಿಯರ್ ಜಗನ್ನಾಥನ್ ಎಂಬವರು, ಆಗಿನ ದೊರೆ ಜಿಗ್ಮೆ ದೋರ್ಜಿ ವಾಂಗ್‌ಚುಕ್ ಅವರ ಅಪ್ಪಣೆ ಪಡೆದು ಇದರ ಮೊದಲ ಕುಳಿಗಳನ್ನು ತೋಡಿಸಿದರಂತೆ. ಮೈದಾನದ ಕೆಳಗಡೆ ತಾಶಿಛೋ ಜೋಂಗ್ ಎಂಬ ಕೋಟೆಯಿದೆ: ಬಿಳಿಯ ಗೋಡೆ, ಕೆಂಪು ಪಟ್ಟಿ, ಹೊಂಬಣ್ಣದ ಶಿಖರ, ದೇಶದ ರಾಜ್ಯಭಾರವೂ ಭಿಕ್ಷುಗಳ ಬೇಸಗೆಯ ಪೀಠವೂ ಅದೇ ಛಾವಣಿಯಡಿಯಲ್ಲಿ ನಡೆಯುತ್ತವೆ. 1960ರ ದಶಕದಲ್ಲಿ ಅದನ್ನು ಪುನಃ ಕಟ್ಟಿದಾಗ, ಹಳೆಯ ಸಂಪ್ರದಾಯದಂತೆ, ಲಿಖಿತವಾದ ನಕ್ಷೆಯಿಲ್ಲದೆ, ಮೊಳೆಯನ್ನು ಹೊಡೆಯದೆ ಕಟ್ಟಿದರೆಂದು ಹೇಳುತ್ತಾರೆ. ಒಂದು ಕೋಲಿನ ಬೀಸನ್ನು ಹನ್ನೆರಡು ಚಿತ್ರಗಳಾಗಿ ಕತ್ತರಿಸಿ ಗೆರೆ ಎಳೆದು ಕಲಿಸುವ ನನಗೆ ಇದು ಮೊದಲ ದಿನ ಕೇವಲ ಕುತೂಹಲದ ಸಂಗತಿಯಾಗಿತ್ತು.

ಸಮುದ್ರಮಟ್ಟದಿಂದ 2,300 ಮೀಟರಿನಷ್ಟು ಎತ್ತರದ ಊರು, ಗಾಳಿ ತೆಳು. ತೆಳುವಾದ ಗಾಳಿಯಲ್ಲಿ ಚೆಂಡನ್ನು ತಡೆಯುವ ಶಕ್ತಿ ಕಡಿಮೆಯಾದ್ದರಿಂದ, ಬೆಂಗಳೂರಿನಲ್ಲಿ ಬೀಳುವುದಕ್ಕಿಂತ ಹತ್ತು ಹೆಜ್ಜೆ ಮುಂದಕ್ಕೆ ಹೋಗಿ ಅದು ಬೀಳುತ್ತದೆ. ಮನುಷ್ಯನ ಶ್ವಾಸಕೋಶಕ್ಕೆ ಈ ರಿಯಾಯಿತಿಯಿಲ್ಲ; ಮೊದಲ ವಾರ ನಾನು ಎರಡನೆಯ ಕುಳಿಯ ದಿಣ್ಣೆಯನ್ನು ಏರುವಾಗ, ದೃಶ್ಯವನ್ನು ಸವಿಯುವವನಂತೆ ನಟಿಸುತ್ತ ನಾಲ್ಕು ಕಡೆ ನಿಲ್ಲುತ್ತಿದ್ದೆನು. ದೃಶ್ಯವೇನೋ ಸವಿಯುವಂಥದೇ. ನೀಲಿ ಪೈನ್ ಮರಗಳ ಬೆಟ್ಟಗಳು, ಬಾಗಿದ ವಿಲ್ಲೋ, ಪ್ರಾರ್ಥನೆಯ ಪತಾಕೆಗಳು. ಗ್ರೀನಿನ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತ ಮಲಗಿ ಚೆಂಡು ಮೈಗೆ ತಗುಲುವವರೆಗೂ ಏಳದ ನಾಯಿಗಳು. ಬೆಳಗ್ಗೆ ಗಾಳಿ ಉಸಿರಾಡುವುದಿಲ್ಲ. ಮಧ್ಯಾಹ್ನವಾದೊಡನೆ ಕಣಿವೆಯ ಕೆಳಗಿನಿಂದ ಎದ್ದು ಪತಾಕೆಗಳನ್ನೆಲ್ಲ ಏಕಕಾಲಕ್ಕೆ ಬಡಿಯುತ್ತದೆ.

ಆ ದೇಶವನ್ನು ಕುರಿತು ಬರೆಯುವವರು ಸಂತೋಷದ ಮಾತನ್ನು ಎತ್ತದೆ ಬಿಡುವುದಿಲ್ಲ. ರಾಷ್ಟ್ರದ ಉತ್ಪನ್ನಕ್ಕಿಂತ ರಾಷ್ಟ್ರದ ಸಂತೋಷವನ್ನು ಅಳೆಯಬೇಕೆಂದ ಅರಸರ ನಾಡು ಅದು. ಅಮೆರಿಕದ ಕ್ರೀಡಾಪತ್ರಕರ್ತ ರಿಕ್ ಲಿಪ್ಸೀ ನನಗಿಂತ ಎಷ್ಟೋ ವರ್ಷ ಮುಂಚೆ ಇದೇ ಮೈದಾನದಲ್ಲಿ ಗಾಲ್ಫ್ ಕಲಿಸಿ, ಮಕ್ಕಳಿಗಾಗಿ ಸಂಘವೊಂದನ್ನು ಆರಂಭಿಸಿ, 2007ರಲ್ಲಿ ಒಂದು ಪುಸ್ತಕವನ್ನೂ ಪ್ರಕಟಿಸಿದನು. ಅದರ ಹೆಸರಿನಲ್ಲಿಯೂ ಈ ಸಂತೋಷವಿದೆ. ನಾನು ಕಂಡ ಥಿಂಪುವಿನಲ್ಲಿ ಜನ ಮನೆಯ ಬಾಡಿಗೆಗೆ ಕೊರಗುತ್ತಿದ್ದರು, ಮಕ್ಕಳ ಅಂಕಗಳಿಗೆ ಕೊರಗುತ್ತಿದ್ದರು. ಓದಿದ ತರುಣರು ಆಸ್ಟ್ರೇಲಿಯಕ್ಕೆ ಹೋಗುವ ಕಾಗದಪತ್ರಗಳನ್ನು ಸಿದ್ಧಪಡಿಸಿಕೊಳ್ಳುತ್ತಿದ್ದರು. ಸಂತೋಷವನ್ನು ಅರಸಿಕೊಂಡು ನಾನು ಅಲ್ಲಿಗೆ ಹೋಗಲಿಲ್ಲ, ಅದರ ಮೂಟೆಯನ್ನು ಹೊತ್ತು ಬರಲೂ ಇಲ್ಲ. ಅಲ್ಲಿ ನನಗೆ ದೊರೆತದ್ದು ಇನ್ನೂ ಸಣ್ಣದಾದ, ಹೇಳಿಕೊಳ್ಳಲು ತುಸು ನಾಚಿಕೆಯೂ ಆಗುವ ಒಂದು ವಸ್ತು.

ಶಿಷ್ಯರು ಹನ್ನೆರಡು ಮಂದಿ, ಒಂಬತ್ತರಿಂದ ಹದಿನಾಲ್ಕರವರೆಗಿನ ವಯಸ್ಸಿನವರು. ಶನಿವಾರ, ಭಾನುವಾರಗಳಲ್ಲಿ ಬೆಳಗ್ಗೆ, ಉಳಿದ ದಿನ ಶಾಲೆ ಬಿಟ್ಟ ಮೇಲೆ. ಶಾಲೆಯಿಂದ ನೇರವಾಗಿ ಬರುವಾಗ ಹುಡುಗರು ಘೋ, ಹುಡುಗಿಯರು ಕೀರಾ ಧರಿಸಿರುತ್ತಿದ್ದರು. ಘೋ ಎಂಬುದು ಮೊಣಕಾಲಿನವರೆಗೆ ಬರುವ ನಿಲುವಂಗಿ. ಸೊಂಟಕ್ಕೆ ಬಿಗಿದ ಪಟ್ಟಿಯ ಮೇಲ್ಗಡೆ ಅದರ ಮಡಿಕೆಯೇ ದೊಡ್ಡದೊಂದು ಚೀಲವಾಗುತ್ತದೆ. ಹುಡುಗರು ಅಂಗಿಯ ಮೇಲರ್ಧವನ್ನು ಕಳಚಿ ತೋಳುಗಳನ್ನು ಸೊಂಟಕ್ಕೆ ಕಟ್ಟಿಕೊಂಡು ಕೋಲನ್ನು ಬೀಸುವರು. ಬೀಸಿದ ರಭಸಕ್ಕೆ ಮಡಿಕೆಯಿಂದ ಪೆನ್ಸಿಲು, ಒಣ ಗಿಣ್ಣಿನ ತುಂಡು, ಹಿಂದಿನ ದಿನ ಕಳೆದುಹೋಯಿತೆಂದು ಹೇಳಿದ್ದ ನನ್ನ ಚೆಂಡುಗಳು ಉದುರುವುವು. ಇಂಗ್ಲಿಷು ಅವರ ಶಾಲೆಯ ಭಾಷೆಯಾದ್ದರಿಂದ ಮಾತಿಗೆ ತೊಂದರೆಯಿರಲಿಲ್ಲ. ಮಾತಿನ ಕೊನೆಗೆ 'ಲಾ' ಎಂಬ ಒಂದಕ್ಷರವನ್ನು ಸೇರಿಸಿದರೆ ಅಲ್ಲಿ ಗೌರವವಾಯಿತು, ನಾವು 'ರೀ' ಎನ್ನುವಂತೆ. ಆದ್ದರಿಂದ ನಾನು 'ಸರ್ ಲಾ' ಆದೆನು.

ಶಿಸ್ತಿಗಾಗಿ ಒಂದು ಹಾಜರಿ ಪುಸ್ತಕವನ್ನು ಇಟ್ಟು, ಅದನ್ನು ಗುಂಪಿನಲ್ಲಿ ಅತ್ಯಂತ ಗಂಭೀರಳಾದ ಹನ್ನೊಂದು ವರ್ಷದ ಹುಡುಗಿಯೊಬ್ಬಳ ವಶಕ್ಕೆ ಒಪ್ಪಿಸಿದೆನು. ತಡವಾಗಿ ಬಂದವರಿಗೆ ದಂಡವೂ ಇತ್ತು: ಆಟ ಆರಂಭಿಸುವ ಸ್ಥಳವಾದ ಮೊದಲ ಟೀಯ ಬಳಿ ಕೋಲಿನ ಪೆಟ್ಟಿಗೆ ಹುಲ್ಲು ಕಿತ್ತುಹೋದ ಗಾಯಗಳಲ್ಲಿ ಇಪ್ಪತ್ತನ್ನು ಮರಳಿನಿಂದ ತುಂಬಿ, ಕಾಲಿನಿಂದ ಮೆಟ್ಟಿ ಸಮಮಾಡಬೇಕು. ಈ ಹುಡುಗಿ ತನ್ನ ಸ್ವಂತ ತಮ್ಮನಿಗೂ ವಿನಾಯಿತಿ ಕೊಟ್ಟವಳಲ್ಲ.

ಕೋಲನ್ನು ಹಿಡಿಯುವ ರೀತಿಯನ್ನು ಕಲಿಸುವಾಗ ಲೋಕದ ಗಾಲ್ಫ್ ಗುರುಗಳೆಲ್ಲರೂ ಹಕ್ಕಿಯ ಮರಿಯ ಉಪಮೆಯನ್ನು ಹೇಳುತ್ತಾರೆ: ಹಾರಿಹೋಗದಷ್ಟು ಬಿಗಿ, ನೋಯದಷ್ಟು ಸಡಿಲ. ನಾನೂ ಹೇಳಿದೆನು. ಆ ಹುಡುಗಿ ಸ್ವಲ್ಪ ಹೊತ್ತು ಯೋಚಿಸಿ, "ಬಿಲ್ಲನ್ನು ಹಿಡಿದಂತೆ, ಸರ್ ಲಾ" ಎಂದಳು. ಹಕ್ಕಿಯ ಮರಿಯನ್ನು ನಾನಾಗಲಿ ನನ್ನ ಬೆಂಗಳೂರಿನ ಶಿಷ್ಯರಾಗಲಿ ಒಮ್ಮೆಯೂ ಹಿಡಿದವರಲ್ಲ. ಈ ಮಕ್ಕಳ ಮನೆಗಳಲ್ಲಾದರೋ ಬಿಲ್ಲು ಗೋಡೆಗೆ ಒರಗಿಕೊಂಡಿರುತ್ತದೆ. ಅಂದಿನಿಂದ ಹಕ್ಕಿಯನ್ನು ಕೈಬಿಟ್ಟೆನು.

ಬಿಲ್ಲಿನ ಆಟ ಭೂತಾನಿನ ರಾಷ್ಟ್ರೀಯ ಕ್ರೀಡೆ. ಒಂದು ಭಾನುವಾರ ಚಾಂಗ್ಲಿಮಿಥಾಂಗಿನ ಬಯಲಿನಲ್ಲಿ ಅದನ್ನು ನೋಡಲು ಹೋಗಿದ್ದೆನು. ಒಲಿಂಪಿಕ್ ಪಂದ್ಯದಲ್ಲಿ ಬಿಲ್ಲುಗಾರರು 70 ಮೀಟರಿನಿಂದ ಗುರಿಯಿಡುತ್ತಾರೆ. ಇವರು ಇಡುವುದು ಸುಮಾರು 145 ಮೀಟರಿನಿಂದ, ಅದೂ ಒಬ್ಬ ಕುಳ್ಳನೆಯ ಬಾಲಕನಷ್ಟು ಎತ್ತರದ, ಗೇಣು ಒಂದೂವರೆ ಗೇಣು ಅಗಲದ ಮರದ ಹಲಗೆಗೆ. ಎರಡೂ ತುದಿಗಳಲ್ಲಿ ಹಲಗೆಗಳಿವೆ. ಆಚೆಯ ಹಲಗೆಯ ಪಕ್ಕದಲ್ಲಿಯೇ, ಬಾಣ ಬರುವ ಹಾದಿಯಲ್ಲಿಯೇ ಎಂದರೂ ಸಲ್ಲುತ್ತದೆ, ಜನ ನಿಂತು ಕೈಬೀಸುತ್ತಿರುತ್ತಾರೆ. ಎದುರಾಳಿಗಳು ಗುರಿಯಿಡುವವನನ್ನು ಬಾಯಿಗೆ ಬಂದಂತೆ ಅಣಕಿಸುತ್ತಾರೆ. ಅಣಕವು ಆಟದ ಅಂಗ. ಗಾಲ್ಫಿನಲ್ಲಿ ಎದುರಾಳಿ ಕೆಮ್ಮಿದರೂ ಕ್ಷಮೆ ಕೇಳುವ ಪದ್ಧತಿಯಲ್ಲಿ ಬೆಳೆದ ನನಗೆ ಇದನ್ನು ಕಂಡು ಎದೆ ಝಲ್ಲೆಂದಿತು. ಬಾಣ ತಾಗಿತೆಂದರೆ, ಹೊಡೆದವನ ಕಡೆಯವರು ಹಲಗೆಯ ಮುಂದೆ ಸಾಲಾಗಿ ನಿಂತು, ನಿಧಾನವಾಗಿ ಕಾಲೆತ್ತಿ ಕಾಲಿಟ್ಟು, ಹಾಡುತ್ತ ಕುಣಿಯುತ್ತಾರೆ. ಹೊಡೆದವನ ಸೊಂಟದ ಪಟ್ಟಿಗೆ ಬಣ್ಣದ ವಸ್ತ್ರವೊಂದು ಸೇರುತ್ತದೆ. ಆ ಕುಣಿತದಲ್ಲಿ ಅವಸರವೆಂಬುದೇ ಇಲ್ಲ. ಎರಡು ಗಂಟೆ ಕುಳಿತು ನೋಡಿದೆನು. ಬಿಲ್ಲುಗಾರನೊಬ್ಬನ ಎಡ ಭುಜ ಏರುತ್ತಿದೆಯೆಂದು ನನ್ನ ಕಣ್ಣು ಗುರುತಿಸಿತು, ಅವನಿಗೆ ಅದನ್ನು ಹೇಳಬೇಕೆಂದು ನಾಲಿಗೆ ತುರಿಸಿತು. ಅವನ ಬಾಣ ತಾಗಿತು, ಕುಣಿತ ಆರಂಭವಾಯಿತು.

ನನ್ನ ಮಕ್ಕಳಿಗೂ ಇದೇ ಚಟ. ಯಾರ ಚೆಂಡು ಗಾಳಿಗೆ ಏರಿದರೂ ಹನ್ನೆರಡು ಮಂದಿಯೂ ಕೋಲುಗಳನ್ನು ಎಸೆದು ಕುಣಿಯುವರು. ಮೊದಲ ತಿಂಗಳು ನಾನು ಕುಣಿತ ಮುಗಿಯುವುದನ್ನೇ ಕಾದಿದ್ದು, 'ಚೆನ್ನಾಗಿದೆ, ಆದರೆ' ಎಂದು ಪಾಠವನ್ನು ಮುಂದುವರಿಸುತ್ತಿದ್ದೆನು. ಕುಣಿದ ಬಳಿಕ ಯಾರಿಗೂ ಮೊಣಕೈಯ ನೆನಪಿರುತ್ತಿರಲಿಲ್ಲ. ನನ್ನ 'ಆದರೆ'ಗಳು ದಿನದಿನಕ್ಕೂ ಮಾರಾಟವಾಗದೆ ಉಳಿಯತೊಡಗಿದುವು.

ಆ ಹುಡುಗಿಯನ್ನು ಮನೆಗೆ ಕರೆದೊಯ್ಯಲು ಸಂಜೆಯ ವೇಳೆ ಅವಳ ತಾತ ಬರುತ್ತಿದ್ದನು. ಎಪ್ಪತ್ತು ದಾಟಿದ ಮುದುಕ. ಪ್ರಾಯದಲ್ಲಿ ಫುಂಟ್‌ಶೋಲಿಂಗ್‌ಗೆ ಲಾರಿ ಓಡಿಸುತ್ತಿದ್ದವನಾದ್ದರಿಂದ ಹಿಂದಿ ಬಲ್ಲವನು. ನನ್ನ ಮೈಸೂರು ಹಿಂದಿಯೂ ಅವನ ಲಾರಿ ಹಿಂದಿಯೂ ಒಂದಕ್ಕೊಂದು ಕ್ರಿಯಾಪದಗಳನ್ನು ಕ್ಷಮಿಸಿಕೊಂಡು ಹೇಗೋ ನಡೆಯುತ್ತಿದ್ದುವು. ಬಂದವನು ಮಡಿಕೆಯಿಂದ ದೋಮಾ ತೆಗೆದು ನನಗೂ ಕೊಡುವನು. ದೋಮಾ ಎಂದರೆ ನಮ್ಮ ಎಲೆ, ಅಡಿಕೆ, ಸುಣ್ಣವೇ. ಅಡಿಕೆ ಮಾತ್ರ ಹಸಿ, ಅದರ ವಾಸನೆ ಮಲೆನಾಡಿನ ಅಂಗಳದಲ್ಲಿ ಬೆಳೆದವನಿಗಲ್ಲದೆ ಇತರರಿಗೆ ಸಹ್ಯವಾಗುವಂಥದಲ್ಲ. ನಾಲಗೆ ಕೆಂಪಾಗಿಸಿಕೊಂಡು ನಾವಿಬ್ಬರೂ ಕಲ್ಲಿನ ಗೋಡೆಯ ಮೇಲೆ ಕುಳಿತಿರುತ್ತಿದ್ದೆವು.

ಒಂದು ದಿನ ಅವನು ನನ್ನ ಚೀಲದಿಂದ ಎಂಟನೆಯ ನಂಬರಿನ ಕೋಲನ್ನು ಎಳೆದು, ಮೇಲಿಂದ ಕೆಳಗೆ ನೋಡಿ, "ಮಾಸ್ಟರ್‌ಜೀ, ಇದು ಎಷ್ಟು ದೂರ ಹೊಡೆಯುತ್ತದೆ?" ಎಂದನು. ನಾನು ಲೆಕ್ಕ ಹಾಕಿ, "ನಿಮ್ಮ ಬಾಣದಷ್ಟೇ" ಎಂದೆನು. ಅದು ನಿಜ, ಈ ತೆಳುಗಾಳಿಯಲ್ಲಿ ಎಂಟನೆಯ ಕೋಲಿಗೆ 145 ಮೀಟರು ಹೊಂದುವ ದೂರ. ಮುದುಕನ ಮುಖದಲ್ಲಿ ನಂಬಿಕೆ ಕಾಣಲಿಲ್ಲ. ಮಾತನಾಡದೆ ಎದ್ದು, ಬಿಲ್ಲುಗಾರನ ಕಣ್ಣಿನಿಂದ ದೂರವನ್ನು ಅಳೆಯುತ್ತ ನಡೆದುಹೋಗಿ, ಒಂದು ಎಳೆಯ ವಿಲ್ಲೋ ಮರದ ಪಕ್ಕದಲ್ಲಿ ನಿಂತನು. ನಿಂತು ಎರಡು ಕೈಗಳನ್ನೂ ಎತ್ತಿ ಬೀಸಿದನು. 45 ಗ್ರಾಂ ತೂಕದ ಗಟ್ಟಿ ಚೆಂಡು ತಲೆಗೆ ಬಿದ್ದರೆ ಬಾಣಕ್ಕಿಂತ ಮೇಲಾದ ಗತಿಯೇನೂ ಆಗದೆಂದು ಮೊಮ್ಮಗಳ ಮೂಲಕ ಹೇಳಿಸಿ, ಬಹಳ ಚೌಕಾಶಿಯ ನಂತರ ಅವನನ್ನು ಅಲ್ಲಿದ್ದ ಮೋಟುಗೋಡೆಯ ಹಿಂದಕ್ಕೆ ಕಳಿಸಿದೆವು. ತಲೆಯಷ್ಟೇ ಕಾಣುತ್ತಿತ್ತು.

ಹೊಡೆದೆನು. ತೋರಿಸಿಕೊಡುವ ಹೊಡೆತ, ಅಚ್ಚುಕಟ್ಟಾದದ್ದು. ಮರದಿಂದ ಹತ್ತು ಮಾರು ಎಡಕ್ಕೆ ಬಿದ್ದಿತು. ಬೆಂಗಳೂರಿನಲ್ಲಾಗಿದ್ದರೆ ಅದು ಸಾಕು, ಪಾಠ ಮುಂದಕ್ಕೆ ಹೋಗುತ್ತಿತ್ತು. ಗೋಡೆಯ ಹಿಂದಿನಿಂದ ಮುದುಕನು ಕಣಿವೆ ಮಾರ್ದನಿಸುವಂತೆ ಏನೋ ಕೂಗಿದನು. ಮಕ್ಕಳೆಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಏನೆಂದನೆಂದು ಕೇಳಿದೆನು. ಹುಡುಗಿ ಮೊದಲು ಹೇಳಲೊಲ್ಲಳು, ಬಲವಂತಪಡಿಸಿದ ಮೇಲೆ, "ನಿಮ್ಮ ಕಣ್ಣುಗಳನ್ನು ಇಂಡಿಯಾದಲ್ಲಿಯೇ ಬಿಟ್ಟು ಬಂದಿದ್ದೀರೋ ಎಂದು ಕೇಳುತ್ತಿದ್ದಾನೆ, ಸರ್ ಲಾ, ಇನ್ನೂ ಕೆಲವು ಮಾತುಗಳಿವೆ, ಅವುಗಳಿಗೆ ಇಂಗ್ಲಿಷು ನನಗೆ ಗೊತ್ತಿಲ್ಲ" ಎಂದಳು.

"ಇನ್ನೊಂದು ಚೆಂಡು ಕೊಡು" ಎಂದೆನು.

ಆ ಮಾತು ಬಾಯಿಂದ ಹೊರಟ ಮೇಲೆ ನನಗೇ ಅಪರಿಚಿತವಾಗಿ ಕೇಳಿಸಿತು. ಹನ್ನೊಂದು ವರ್ಷಗಳಿಂದ ನಾನು ಇತರರಿಗೆ ಚೆಂಡು ಇಟ್ಟವನು. ನನಗೆ ಬೇಕೆಂದು ಕೈಯೊಡ್ಡಿದವನಲ್ಲ. ಎರಡನೆಯದು ಬಲಕ್ಕೆ ಹೋಯಿತು, ಮೂರನೆಯದು ಮುದುಕನ ತಲೆಯ ಮೇಲಿಂದ ಹಾರಿ ಮುಂದಕ್ಕೆ ಹೋಯಿತು, ನಾಲ್ಕನೆಯದನ್ನು ಕೋಪದಿಂದ ಹೊಡೆದದ್ದರಿಂದ ಅದು ನೆಲವನ್ನು ಬಿಟ್ಟು ಏಳಲೇ ಇಲ್ಲ. ಪ್ರತಿಯೊಂದಕ್ಕೂ ಗೋಡೆಯಿಂದ ಸಲ್ಲಬೇಕಾದ ಸತ್ಕಾರ ಸಲ್ಲುತ್ತಿತ್ತು. ಗಾಳಿ ಎಡಗೆನ್ನೆಗೆ ತಗುಲುತ್ತಿತ್ತು. ಕೋಟನ್ನು ಕಳಚಿ ಹುಡುಗರಂತೆ ತೋಳುಗಳನ್ನು ಸೊಂಟಕ್ಕೆ ಬಿಗಿದೆನು. ಆರನೆಯದನ್ನು ಹೊಡೆದಾಗ ಕೈಗೆ ಏನೂ ತಗುಲಿದಂತಾಗಲಿಲ್ಲ; ತಲೆಯೆತ್ತಿದರೆ ಅದು ಜೋಂಗಿನ ಶಿಖರಕ್ಕೂ ಆಚೆಯ ಬೆಟ್ಟದ ನೆರಳಿಗೂ ನಡುವೆ ಬೆಳ್ಳಗೆ ಏರುತ್ತ, ಗಾಳಿಗೆ ಒಂದಿಷ್ಟು ಒರಗಿ, ವಿಲ್ಲೋವಿನ ಬುಡದತ್ತ ಇಳಿಯಿತು. ಮುದುಕನು ಗೋಡೆ ದಾಟಿ ಬಂದು, ಬಗ್ಗಿ, ಮರದ ಬುಡದಿಂದ ಚೆಂಡಿನವರೆಗೆ ಕೈಯಿಂದ ಅಳೆದನು. ಬಿಲ್ಲಿನ ಆಟದಲ್ಲಿ ಹಲಗೆಗೆ ತಾಗದಿದ್ದರೂ ಒಂದು ಬಾಣದ ಅಳತೆಯೊಳಗೆ ನಾಟಿದರೆ ಒಂದು ಅಂಕವುಂಟಂತೆ. ಅವನು ನೆಟ್ಟಗೆ ನಿಂತು, ಯಾರೂ ಜೊತೆಗಿಲ್ಲದ ಆ ದೂರದಲ್ಲಿ, ಒಬ್ಬನೇ ನಿಧಾನವಾಗಿ ಕಾಲೆತ್ತಿ ಕಾಲಿಟ್ಟು ಕುಣಿಯಲಾರಂಭಿಸಿದನು.

ಆ ರಾತ್ರಿ ಮನೆಗೆ ಫೋನು ಮಾಡಿದಾಗ, "ಏನ್ರೀ, ದನಿ ಒಂದು ಥರ ಇದೆಯಲ್ಲ, ನೆಗಡಿಯೇ?" ಎಂದು ಮನೆಯವಳು ಕೇಳಿದಳು. ಗಾಳಿ ಜಾಸ್ತಿ ಎಂದೆನು.

ಮಾರನೆಯ ದಿನ ಶನಿವಾರ. ಐದು ಗಂಟೆಗೇ ಎಚ್ಚರವಾಯಿತು. ಪಾಠ ಎಂಟಕ್ಕೆ. ಅರ್ಧ ಚೀಲದಷ್ಟು ಕೋಲುಗಳನ್ನು ಹೆಗಲಿಗೇರಿಸಿಕೊಂಡು, ಕಳ್ಳನಂತೆ ಮೊದಲ ಟೀಗೆ ಹೋದೆನು. ಹದಿನಾಲ್ಕು ಕೋಲುಗಳವರೆಗೆ ನಿಯಮವು ಅನುಮತಿಸುತ್ತದೆ; ಆಸೆಗೆ ಏಳು ಸಾಕಾಯಿತು. ಹುಲ್ಲಿನ ಮೇಲೆ ಇಬ್ಬನಿ ಹೇಗಿತ್ತೆಂದರೆ ಉರುಳಿದ ಚೆಂಡು ಹಿಂದೆ ಕಪ್ಪು ಗೆರೆಯೊಂದನ್ನು ಬಿಟ್ಟು ಹೋಗುತ್ತಿತ್ತು, ಸ್ಲೇಟಿನ ಮೇಲೆ ಮಗು ಎಳೆದಂತೆ. ಕೆಳಗಿನ ಜೋಂಗಿನಿಂದ ಉದ್ದನೆಯ ಕಹಳೆಯ ದನಿ ಬಂದಿತು. ಬಾಬಿ ಜೋನ್ಸ್ ಎಂಬ ಅಮೆರಿಕದ ಮಹಾ ಆಟಗಾರನು 1930ರಲ್ಲಿ ಒಂದೇ ವರ್ಷ ನಾಲ್ಕು ದೊಡ್ಡ ಪಂದ್ಯಗಳನ್ನು ಗೆದ್ದು, ಇಪ್ಪತ್ತೆಂಟರ ವಯಸ್ಸಿನಲ್ಲಿ ಪಂದ್ಯಗಳಿಂದ ನಿವೃತ್ತನಾದನು. ಪಂದ್ಯಗಳಲ್ಲಿ ಇದ್ದಷ್ಟು ಕಾಲವೂ ಹಣಕ್ಕಾಗಿ ಆಡಲಿಲ್ಲ, ಹವ್ಯಾಸಿಯಾಗಿಯೇ ಉಳಿದನು. ವಕೀಲಿ ಓದಿದ್ದವನಿಗೆ ಅದು ಸಾಧ್ಯ ಎಂದು ನಾನು ಶಿಷ್ಯರ ಮುಂದೆ ಕೊಂಕು ನುಡಿದದ್ದುಂಟು. ಅಂದು ಎರಡನೆಯ ಕುಳಿಯ ದಿಣ್ಣೆಯನ್ನು ಏರುತ್ತ ಆ ಕೊಂಕನ್ನು ಹಿಂದಕ್ಕೆ ತೆಗೆದುಕೊಂಡೆನು. ನಾಲ್ಕು ಕಡೆ ನಿಂತೆನೆಂಬುದೂ ನಿಜ.

ಕೈಯ ರೋಗ ಗುಣವಾಯಿತೆಂದು ಹೇಳುವಂತಿಲ್ಲ. ನಾಲ್ಕನೆಯ ಗ್ರೀನಿನ ಮೇಲೆ ಮೂರಡಿಯೇ ಉಳಿದಿತ್ತು. ಮಣಿಕಟ್ಟು ಹಳೆಯ ಸ್ನೇಹಿತನಂತೆ ಬಂದು ಕೊಡಹಿತು. ಚೆಂಡು ಆಚೆಗೆ ಹೋಯಿತು, ಈಚೆಗೆ ಬಂದಿತು, ಮತ್ತೆ ಆಚೆಗೆ ಹೋಯಿತು. ಕುಳಿಯ ಬಳಿ ಮಲಗಿದ್ದ ಕಂದು ನಾಯಿಯೊಂದು ಈ ವ್ಯವಹಾರವನ್ನು ತಲೆಯನ್ನು ಅತ್ತಿತ್ತ ತಿರುಗಿಸುತ್ತ ನೋಡಿ, ಕಡೆಗೆ ಬೇಸತ್ತು ಕಣ್ಣು ಮುಚ್ಚಿತು. ಅಲ್ಲಿ ಎಷ್ಟು ಹೊಡೆತಗಳಾದುವೆಂದು ಲೆಕ್ಕವಿಡಲಿಲ್ಲ. ಐದನೆಯದಕ್ಕೆ ಹೋಗಬೇಕೆಂಬ ಆತುರ ಹೆಚ್ಚಾಗಿತ್ತು. ಏಳನೆಯದರಲ್ಲಿ ಚೆಂಡನ್ನು ತೊರೆಗೆ ಕೊಟ್ಟೆನು; ಅದನ್ನು ಹುಡುಕುತ್ತ, ತಣ್ಣೀರಿನಲ್ಲಿ ಮೊಣಕಾಲಿನವರೆಗೆ ಇಳಿದು, ನನ್ನದಲ್ಲದ ಎರಡು ಚೆಂಡುಗಳನ್ನು ಎತ್ತಿದೆನು. ಲಂಟಾನದ ದಿನಗಳ ವ್ಯಾಪಾರಬುದ್ಧಿ ಎಚ್ಚೆತ್ತು, ಇನ್ನೂ ಎಷ್ಟಿರಬಹುದೆಂದು ಕಲ್ಲುಗಳ ಸಂದಿಯಲ್ಲಿ ಕೈಯಾಡಿಸುತ್ತ ಅಲ್ಲಿಯೇ ಬಹಳ ಹೊತ್ತು ಕಳೆದೆನೆಂದು ತೋರುತ್ತದೆ.

ಒಂಬತ್ತನೆಯ ಕುಳಿಯನ್ನು ಮುಗಿಸಿ, ಪ್ಯಾಂಟು ಮೊಣಕಾಲಿನವರೆಗೆ ನೆನೆದು, ಮೂರು ಚೆಂಡುಗಳನ್ನು ಕಿಸೆಯಲ್ಲಿ ಕುಲುಕಿಸುತ್ತ ಮೊದಲ ಟೀಯ ಬಳಿಗೆ ಬಂದಾಗ ಮಕ್ಕಳು ಸಾಲಾಗಿ ನಿಂತಿದ್ದರು. ಗಂಟೆ ಎಂಟೂ ಇಪ್ಪತ್ತೈದು. ಹುಡುಗಿ ಹಾಜರಿ ಪುಸ್ತಕವನ್ನು ಎದೆಗವಚಿ ಹಿಡಿದಿದ್ದಳು. ನಾನು ಏನಾದರೂ ಹೇಳುವ ಮೊದಲೇ ಅದನ್ನು ಬಿಡಿಸಿ, ಹನ್ನೆರಡು ಹೆಸರುಗಳ ಕೆಳಗೆ ಅಡ್ಡಪಟ್ಟಿಯಿಟ್ಟು ಗೆರೆಯೆಳೆದು, ಹೊಸ ಸಾಲಿನಲ್ಲಿ ಏನನ್ನೋ ಬರೆದುಕೊಂಡು, ಅದರ ಮುಂದೆ ತಡವಾಗಿ ಬಂದವರಿಗೆ ಹಾಕುವ ಕೆಂಪು ಗುರುತನ್ನು ಹಾಕಿದಳು. ಆಮೇಲೆ ಮರಳಿನ ಬಕೆಟ್ಟಿನ ಕಡೆಗೆ ನೋಡಿದಳು.

"ಇಪ್ಪತ್ತು, ಸರ್ ಲಾ" ಎಂದಳು.

ಬಕೆಟ್ಟನ್ನು ಎತ್ತಿಕೊಂಡು ಹೋಗಿ ಬಗ್ಗಿದೆನು. ಗಾಯಗಳಲ್ಲಿ ಬಹುಪಾಲು ಅವರದು; ಹೊಸದಾಗಿ ಮಣ್ಣು ಕೆದರಿದ್ದ ಒಂದೆರಡು ನನ್ನವೇ. ಹದಿನಾಲ್ಕನೆಯದನ್ನು ಮೆಟ್ಟಿ ಸಮಮಾಡುತ್ತಿದ್ದಾಗ ಹಿಂದುಗಡೆ ಯಾರದೋ ಚೆಂಡು ಟಕ್ಕೆಂದು ಏರಿದ ಸದ್ದಾಯಿತು, ಅದರ ಬೆನ್ನಿಗೇ ಹನ್ನೊಂದು ಕೋಲುಗಳು ಹುಲ್ಲಿನ ಮೇಲೆ ಬಿದ್ದ ಸದ್ದು.